ಜೀರ್ಣೋದ್ಧಾರ

ಅರವತ್ತು ತುಂಬಿದ ಗೃಹಸ್ಥನು ಏನೇನು ಮಾಡತಕ್ಕದ್ದೆಂಬುದನ್ನು ನಮ್ಮ ಹಿರಿಯರು ಮೊದಲೇ ಗೊತ್ತುಮಾಡಿಟ್ಟಿದ್ದಾರೆ. ಷಷ್ಟ್ಯಬ್ದಪೂರ್ತಿಯ ಶಾಂತಿಯನ್ನು ಮಾಡಿಸಿಕೊಳ್ಳಬೇಕು. ಮಕ್ಕಳು ಮೊಮ್ಮಕ್ಕಳಿಂದ ನಮಸ್ಕಾರ ಮಾಡಿಸಿಕೊಳ್ಳಬೇಕು. ತರುವಾಯ ಜಗುಲಿಯಲ್ಲಿ ಕುಳಿತು ಬೀದಿಯಲ್ಲಿ ಹೋಗುವವರಿಗೆಲ್ಲ ಬುದ್ಧಿ ಹೇಳಬೇಕು. ನಾವು 2024ರಲ್ಲಿ ಉಪಾಧ್ಯಾಯ ವೃತ್ತಿಯಿಂದ ನಿವೃತ್ತರಾದಾಗ ಇವುಗಳಲ್ಲಿ ಒಂದನ್ನೂ ಮಾಡಲಿಲ್ಲ. ಶಾಂತಿಗೆಂದು ಎತ್ತಿಟ್ಟಿದ್ದ ಹಣದಲ್ಲಿ ಒಂದು ಹಳೆಯ ಮೋಟಾರು ಸೈಕಲ್ಲನ್ನು ಕೊಂಡುಬಿಟ್ಟೆವು.

ಅದು ತಾನಾಗಿ ನಡೆದು ಬರಲಿಲ್ಲ. ಸೊರಬದ ಕಡೆಯ ಒಬ್ಬರ ಅಡಕೆಯ ಕೊಟ್ಟಿಗೆಯಲ್ಲಿ ಹದಿನಾರು ವರ್ಷ ನಿಂತಿದ್ದುದು, ಸಾಮಾನು ಸಾಗಿಸುವ ಆಟೋ ಗಾಡಿಯಲ್ಲಿ ಹಗ್ಗ ಬಿಗಿಸಿಕೊಂಡು ಬಂದಿತು. ಆಸನದ ಒಳಗೆ ಇಲಿ ಸಂಸಾರ ಹೂಡಿ ಹೋಗಿದ್ದಿತು. ನಮ್ಮ ಮನೆಯಾಕೆಯು ಬಾಗಿಲಲ್ಲಿ ನಿಂತು ಆಮೂಲಾಗ್ರವಾಗಿ ನೋಡಿ, “ಇದಕ್ಕೆ ಆರತಿ ಎತ್ತಿ ಒಳಗೆ ಕರೆಯಬೇಕೋ, ಗುಜರಿಯವನಿಗೆ ಹೇಳಿ ಕಳುಹಿಸಬೇಕೋ?” ಎಂದು ಕೇಳಿದಳು. ಸಂಸ್ಕೃತ ಪಂಡಿತರೆನ್ನಿಸಿಕೊಂಡ ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ.

ಗಾಡಿಯ ಹೆಸರು ಯೆಜ್ಡಿ. ವಾಚಕರಲ್ಲಿ ಹಿರಿಯರಾದವರಿಗೆ ಇದರ ಪರಿಚಯವನ್ನು ಹೇಳಬೇಕಾದ್ದಿಲ್ಲ. ಕಿರಿಯರಿಗಾಗಿ ಎರಡು ಮಾತು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆಯು, ಚೆಕೊಸ್ಲೊವಾಕಿಯ ದೇಶದ ಜಾವಾ ಮೋಟಾರು ಸೈಕಲ್ಲನ್ನು ಇಲ್ಲಿಯೇ ತಯಾರಿಸುವುದಕ್ಕೆ ಆರಂಭಿಸಿತು. ಎಪ್ಪತ್ತರ ದಶಕದಲ್ಲಿ ಗಾಡಿಗೆ ಯೆಜ್ಡಿಯೆಂಬ ಹೆಸರಾಯಿತು. 1978ರಿಂದ ರೋಡ್ ಕಿಂಗ್ ಎಂಬ ಮಾದರಿಯು ಹೊರಬಂದಿತು. 1996ರಲ್ಲಿ ಆ ಕಾರ್ಖಾನೆಯೇ ಮುಚ್ಚಿಹೋಯಿತು. 2022ರಲ್ಲಿ ಅದೇ ಹೆಸರಿನ ಹೊಸ ಗಾಡಿಗಳು ಪೇಟೆಗೆ ಬಂದವು. ಆದರೆ ಅವುಗಳ ಯಂತ್ರವೇ ಬೇರೆ, ದನಿಯೇ ಬೇರೆ. ನಮ್ಮದು 1989ನೆಯ ಇಸವಿಯ ರೋಡ್ ಕಿಂಗು. ಒಂದೇ ಸಿಲಿಂಡರು, ಅದರಿಂದ ಹೊರಡುವ ಹೊಗೆಗೆ ಎರಡು ಕೊಳವೆ. ಅದೇ ವರ್ಷದ ಸುಮಾರಿಗೆ ನಾವು ಉಪಾಧ್ಯಾಯರಾಗಿ ಕೆಲಸಕ್ಕೆ ಸೇರಿದವರು. ಬಸ್ಸಿಗಾಗಿ ಕಾಯುತ್ತ ನಿಂತ ನಮ್ಮ ಮುಂದೆ ಯಾರೋ ಅನುಕೂಲಸ್ಥರು ಅಂಥ ಗಾಡಿಯ ಮೇಲೆ ಹೋದರೆ, ಆ ದನಿಯು ಊರಾಚೆಯ ತಿರುವಿನಲ್ಲಿ ಅಡಗುವ ಪರಿಯಂತ ಕಿವಿಗೊಟ್ಟು ನಿಲ್ಲುತ್ತಿದ್ದೆವು. ತಾಳಗುಂದ, ಬಳ್ಳಿಗಾವೆ, ಕುಬಟೂರು, ಬನವಾಸಿ ಎಂದು ಕದಂಬರ ನಾಡನ್ನು ತರಗತಿಯಲ್ಲಿ ವರ್ಣಿಸುತ್ತಿದ್ದ ನಮಗೆ, ಇಂಥದೊಂದರ ಮೇಲೆ ಕುಳಿತು ಆ ಊರುಗಳನ್ನೆಲ್ಲ ಸಾವಕಾಶವಾಗಿ ಸುತ್ತಬೇಕೆಂದು ಆಸೆಯಿದ್ದಿತು. ಮೊದಲು ಸಂಬಳವು ಸಾಲದೆ ಹೋಯಿತು. ಆಮೇಲೆ ಮಕ್ಕಳ ಓದು ಬಂದಿತು. ಆಮೇಲೆ ಆಸೆಯೇ ಮರೆತುಹೋಯಿತೆಂದುಕೊಂಡಿದ್ದೆವು.

ನಮ್ಮ ಹಳ್ಳಿಯು ಬಂದಳಿಕೆಗೆ ಸಮೀಪದಲ್ಲಿದೆ. ಇಂದು ಹಳೆಯ ಕಲ್ಲುಗುಡಿಗಳಷ್ಟೇ ಹೆಸರು ಹೇಳುವಂತೆ ಉಳಿದಿರುವ ಈ ಸ್ಥಳವು ಒಂದು ಕಾಲಕ್ಕೆ ನಾಗರಖಂಡವೆಂಬ ನಾಡಿನ ರಾಜಧಾನಿ. ಹತ್ತನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟರ ಆಳಿಕೆಯಲ್ಲಿ, ಗಂಡನು ತೀರಿಕೊಂಡ ಬಳಿಕ ಜಕ್ಕಿಯಬ್ಬೆಯೆಂಬ ಹೆಣ್ಣುಮಗಳು ಈ ನಾಡಿನ ಆಡಳಿತವನ್ನು ವಹಿಸಿಕೊಂಡು ನಡೆಸಿ, ಕಡೆಗೆ ಇಲ್ಲಿಯ ಬಸದಿಯಲ್ಲಿ ವ್ರತದಿಂದ ದೇಹವನ್ನು ಬಿಟ್ಟಳೆಂದು ಶಾಸನವು ಹೇಳುತ್ತದೆ. ಶಿಕಾರಿಪುರ ತಾಲ್ಲೂಕಿನ ಶಾಸನಗಳನ್ನು ಬಿ. ಎಲ್. ರೈಸರು 1902ರಷ್ಟು ಹಿಂದೆಯೇ ಅಚ್ಚುಹಾಕಿಸಿದರು. ಈ ಸೀಮೆಯ ದಾನಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪದೇ ಪದೇ ಎದುರಾಗುವುದು. ಒಡೆದದ್ದು, ಬಿರಿದದ್ದು, ಹಳೆಯದಾದದ್ದು, ಇವುಗಳ ದುರಸ್ತಿಗೆಂದು ಇಷ್ಟು ಗದ್ದೆ, ಇಷ್ಟು ತೋಟ ಎಂದು ಬಿಟ್ಟಿರುತ್ತಾರೆ. ಎಷ್ಟೋ ಸಲ ಗುಡಿಯನ್ನು ಕಟ್ಟಿಸಿದವರೇ, ಉಳಿಯ ಗುರುತು ಮಾಸುವ ಮೊದಲೇ, ಅದು ಒಡೆಯುವ ದಿನಕ್ಕೆ ಬೇಕಾದದ್ದನ್ನು ಎತ್ತಿಟ್ಟಿರುತ್ತಾರೆ. ಈ ಸಮಾಸವನ್ನು ನಾವು ಮಕ್ಕಳಿಗೆ ಎಷ್ಟೋ ಸಲ ಬಿಡಿಸಿ ಹೇಳಿದ್ದುಂಟು. ಅದರ ಅರ್ಥವು ನಮಗೇ ತಿಳಿದದ್ದು ಮಾತ್ರ ಈ ಗಾಡಿಯು ಮನೆಗೆ ಬಂದ ಮೇಲೆ.

ಚಕ್ರವೆಂಬ ಶಬ್ದದ ವ್ಯುತ್ಪತ್ತಿಯನ್ನು ಕೇಳಿದರೆ ಹೇಳಬಲ್ಲೆವು. ಆದರೆ ಚಕ್ರವನ್ನು ಬಿಚ್ಚುವ ಪಾನವನ್ನು ಯಾವ ಕೈಯಲ್ಲಿ ಹಿಡಿಯಬೇಕೆಂಬುದು ಗೊತ್ತಿಲ್ಲ. ಯೆಜ್ಡಿಯ ಮರ್ಮವನ್ನು ಬಲ್ಲ ಕಾರಿಗರನು ಶಿರಾಳಕೊಪ್ಪದಲ್ಲಿ ಒಬ್ಬನಿದ್ದಾನೆಂದು ನಾಲ್ಕು ಜನ ಹೇಳಿದುದರಿಂದ ಅವನಲ್ಲಿಗೆ ಹೋದೆವು. ಅವನು ನಮ್ಮನ್ನು ಕಂಡ ಕೂಡಲೆ ಎದ್ದು, ಎಣ್ಣೆಯ ಕೈಯನ್ನು ಬಟ್ಟೆಗೆ ಒರಸಿಕೊಂಡು, “ನಮಸ್ಕಾರ ಸಾರ್. ನಾನು ನಿಮ್ಮ ಸ್ಟೂಡೆಂಟು” ಎಂದನು. ಹೆಸರನ್ನು ಹೇಳಿದ ಮೇಲೆ ನಮಗೆ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತೆಂದು ತೋರಿತು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ.

ಅವನು ಒಂದು ಕರಾರು ಮಾಡಿದನು. “ಭಾನುವಾರ ನಾನೇ ನಿಮ್ಮ ಮನೆಗೆ ಬರ್ತೀನಿ ಸಾರ್. ಬಿಚ್ಚೋದು, ಜೋಡಿಸೋದು ನೀವೇ ಮಾಡಬೇಕು. ಹಳೇ ಗಾಡಿ ಇಟ್ಟುಕೊಳ್ಳೋರು ಕೆಲಸ ಕಲೀದಿದ್ರೆ ದಾರೀಲಿ ನಿಲ್ತಾರೆ.” ಹೀಗೆ ಮನೆಯ ಹಿಂದಿನ ಜಗುಲಿಯಲ್ಲಿ ನಮ್ಮ ವಿದ್ಯಾಭ್ಯಾಸವು ಆರಂಭವಾಯಿತು.

ಮೊದಲನೆಯ ಪಾಠವು ಬಿಚ್ಚುವುದಲ್ಲ, ಕೇಳುವುದು. “ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂದ್ರೆ ಇಂಜಿನ್ ಕೆಟ್ಟಿದೆ ಅನ್ನಬಾರದು ಸಾರ್. ಪೆಟ್ರೋಲ್ ಬರ್ತಿದೆಯಾ ನೋಡಬೇಕು. ಬಂದರೆ, ಪ್ಲಗ್ಗಿನಲ್ಲಿ ಕಿಡಿ ಬರ್ತಿದೆಯಾ ನೋಡಬೇಕು. ಅದೂ ಬಂದರೆ, ಕಂಪ್ರೆಷನ್ ಇದೆಯಾ ನೋಡಬೇಕು. ಮೂರನ್ನೂ ನೋಡದೆ ಕೆಟ್ಟಿದೆ ಅನ್ನೋನು ಮೆಕ್ಯಾನಿಕ್ ಅಲ್ಲ.” ನಮ್ಮ ಗಾಡಿಯಲ್ಲಿ ಮೂರೂ ಇರಲಿಲ್ಲ. ಆದರೂ ಮೂರನ್ನೂ ಕ್ರಮವಾಗಿ ನೋಡಿಸಿಯೇ ಅವನು ಮುಂದುವರಿದನು.

ಪೆಟ್ರೋಲು ತುಂಬುವ ಟ್ಯಾಂಕಿನೊಳಗೆ ತುಕ್ಕು ಪದರಪದರವಾಗಿ ಕಟ್ಟಿದ್ದಿತು. ಇದಕ್ಕೆ ಯಾವ ಆಮ್ಲವನ್ನು ತರುವುದೆಂದು ನಾವು ಆಲೋಚಿಸುತ್ತಿರಲು, ಅಷ್ಟರವರೆಗೆ ಈ ಕಾರ್ಯದಲ್ಲಿ ಬಾಯಿ ಹಾಕದಿದ್ದ ಮನೆಯಾಕೆಯು ಒಳಗಿನಿಂದ, “ಹಿತ್ತಾಳೆ ಕೊಡಕ್ಕೆ ಏನು ಹಾಕುತ್ತಾರೋ ಅದನ್ನೇ ಹಾಕಿ” ಎಂದಳು. ಹುಣಸೆಯ ಹುಳಿಯನ್ನು ಬಿಸಿನೀರಿನಲ್ಲಿ ಗಟ್ಟಿಯಾಗಿ ಕಿವುಚಿ ಸೋಸಿ ತುಂಬಿಸಿ, ಒಂದು ಹಿಡಿ ಸಣ್ಣ ಹರಳುಗಳನ್ನು ಒಳಗೆ ಹಾಕಿ, ಎರಡು ದಿನ ಆಗಾಗ ಕುಲುಕಿ ಕುಲುಕಿ ಇಟ್ಟೆವು. ಹುಣಸೆಯಲ್ಲಿರುವ ಆಮ್ಲವು ಹಿತ್ತಾಳೆಯ ಕಿಲುಬನ್ನು ಬಿಡಿಸುವಂತೆ ಕಬ್ಬಿಣದ ತುಕ್ಕನ್ನೂ ಕರಗಿಸುವುದು. ಮೂರನೆಯ ದಿನ ಕೆಂಪು ರಸವೆಲ್ಲ ಹರಿದು ಹೋಗಿ ಒಳಮೈ ಬೆಳ್ಳಗೆ ಕಂಡಿತು. ನೀರಿನಲ್ಲಿ ತೊಳೆದು, ಪೂರಾ ಒಣಗಿಸಿ, ಮತ್ತೆ ತುಕ್ಕು ಹಿಡಿಯದಂತೆ ಒಳಗೆ ಎಣ್ಣೆಯನ್ನು ಸವರಿದೆವು. ಅಂದಿನಿಂದ ಮನೆಯಾಕೆಯು ಗಾಡಿಯನ್ನು ‘ನಿಮ್ಮ ಗಾಡಿ’ ಎನ್ನುವುದನ್ನು ಬಿಟ್ಟು ‘ಗಾಡಿ’ ಎನ್ನತೊಡಗಿದಳು.

ಕೆಲಸವು ಸಾಗುತ್ತಿದ್ದಂತೆ, ಕನ್ನಡ ವ್ಯಾಕರಣದಲ್ಲಿ ಮಕ್ಕಳು ಕಲಿಯುವ ಮೂರು ಸಂಧಿಗಳು ನಮಗೆ ಜ್ಞಾಪಕಕ್ಕೆ ಬಂದವು: ಲೋಪ, ಆಗಮ, ಆದೇಶ. ದುರಸ್ತಿಯೆಂಬುದೂ ಈ ಮೂರೇ. ಹೊಗೆಯ ಕೊಳವೆಗಳಲ್ಲಿ ಕಟ್ಟಿದ್ದ ಇದ್ದಲಿನಂಥ ಮಸಿಯನ್ನು ಕೆರೆದು ತೆಗೆದದ್ದು ಲೋಪ. ಸವೆದ ಬ್ರೇಕಿನ ಷೂ, ಒಣಗಿ ಬಿರಿದ ಎಣ್ಣೆಯ ಸೀಲುಗಳು, ಎಳೆ ಹರಿದ ಕೇಬಲ್ಲುಗಳು, ಟೈರುಗಳು, ಇವುಗಳ ಸ್ಥಾನದಲ್ಲಿ ಹೊಸವನ್ನು ಇಟ್ಟದ್ದು ಆದೇಶ. ದೂರ ಪ್ರಯಾಣದ ಸಾಮಾನಿಗೆಂದು ಹಿಂದೆ ಕಬ್ಬಿಣದ ಕ್ಯಾರಿಯರು, ಬಲಗಡೆಗೊಂದು ಕನ್ನಡಿ, ಮನೆಯಾಕೆಯ ಸೀರೆಯು ಚಕ್ರಕ್ಕೆ ಸಿಕ್ಕದಂತೆ ಒಂದು ಜಾಲರಿ, ಇವು ಆಗಮ. ಆಗಮವು ಮಿತ್ರನಂತೆ ಬಂದು ಪಕ್ಕದಲ್ಲಿ ಕುಳಿತುಕೊಳ್ಳುವುದು, ಆದೇಶವು ಶತ್ರುವಿನಂತೆ ಬಂದು ಇದ್ದವನನ್ನು ಎಬ್ಬಿಸಿ ಕುಳಿತುಕೊಳ್ಳುವುದು ಎಂದು ವೈಯಾಕರಣರು ಹೇಳುವುದುಂಟು. ಆದ್ದರಿಂದ ಆದೇಶದ ವಿಷಯದಲ್ಲಿ ನಮಗೆ ಸ್ವಲ್ಪ ಹಟವಿದ್ದಿತು. ಗಾಡಿಯ ವಿದ್ಯುತ್ತು ಮೂಲದಲ್ಲಿ 6 ವೋಲ್ಟಿನದು. ಅದನ್ನು ತೆಗೆದು 12 ವೋಲ್ಟಿನ ವ್ಯವಸ್ಥೆಯನ್ನೂ ಎಲೆಕ್ಟ್ರಾನಿಕ್ ಕಿಡಿಯನ್ನೂ ಹಾಕೋಣವೆಂದು ಅವನೆಂದಾಗ, ಮೂಲಸ್ವರೂಪವು ಕೆಡುವುದಲ್ಲವೆ ಎಂದು ನಾವು ವಾದಿಸಿದೆವು. ಅವನು ಮೃದುವಾಗಿ, “ರಾತ್ರಿ ಕಾಡುದಾರೀಲಿ ಹಸು ಅಡ್ಡ ನಿಂತಿದ್ರೆ ಅದಕ್ಕೆ ಮೂಲಸ್ವರೂಪ ಬೇಕಾಗಿಲ್ಲ ಸಾರ್, ಬೆಳಕು ಬೇಕು” ಎಂದನು. ನಾವು ಸೋತೆವು. ಹಳೆಯ ದೀಪವು ದೇವರ ಮನೆಯ ನಂದಾದೀಪದಷ್ಟೇ ಉರಿಯುತ್ತಿದ್ದುದು ನಿಜ.

ಸಿಲಿಂಡರಿನ ಸರದಿ ಬಂದಿತು. ಅದರ ಒಳವ್ಯಾಸವು 65 ಮಿಲಿಮೀಟರು; ಅದರೊಳಗೆ ಪಿಸ್ಟನ್ನು 75 ಮಿಲಿಮೀಟರಿನಷ್ಟು ಮೇಲಕ್ಕೂ ಕೆಳಕ್ಕೂ ಓಡಾಡುವುದು. ಅಳೆದು ನೋಡಲಾಗಿ ಒಳಮೈ ಸವೆದು ದುಂಡುತನವನ್ನು ಕಳೆದುಕೊಂಡಿದ್ದಿತು. “ಮೊದಲಿನ ಅಳತೆಗೆ ತರಬಹುದೆ?” ಎಂದು ಕೇಳಿದೆವು. “ಆಗಲ್ಲ ಸಾರ್. ಸವೆದದ್ದು ಹೋಯ್ತು, ಅದು ವಾಪಸು ಬರಲ್ಲ. ಇನ್ನೂ ಸ್ವಲ್ಪ ಕೊರೆಸಿ ದುಂಡಗೆ ಮಾಡಿಸಬೇಕು. ಆ ಅಳತೆಗೆ ಸರಿಯಾಗಿ ಅರ್ಧ ಮಿಲಿಮೀಟರು ದೊಡ್ಡ ಪಿಸ್ಟನ್ ಹಾಕಬೇಕು.” ಶಿವಮೊಗ್ಗೆಯಲ್ಲಿ ಆ ಕೆಲಸವಾಯಿತು. ಹಳೆಯದನ್ನು ಮರಳಿ ಪಡೆಯುವುದೇ ಜೀರ್ಣೋದ್ಧಾರವೆಂದು ನಾವು ತಿಳಿದಿದ್ದೆವು. ಸವೆತವನ್ನು ಸುಳ್ಳಿಲ್ಲದೆ ಅಳೆದು, ಅದಕ್ಕೆ ಹೊಂದುವ ಹೊಸದೊಂದನ್ನು ತರುವುದೇ ಜೀರ್ಣೋದ್ಧಾರವೆಂದು ಅಂದು ತಿಳಿಯಿತು.

ಮರುಜೋಡಣೆಯ ಭಾನುವಾರ ನಮ್ಮಿಂದ ಒಂದು ತಪ್ಪಾಯಿತು. ಪಿಸ್ಟನ್ನನ್ನು ಹಿಡಿದಿಡುವ ಸಣ್ಣ ಕಡ್ಡಿಯೊಂದುಂಟು. ಆ ಕಡ್ಡಿಯು ಜಾರದಂತೆ ಎರಡು ಕಡೆಯೂ ಉಂಗುರದಂಥ ಒಂದೊಂದು ಸರ್ಕ್ಲಿಪ್ಪನ್ನು ಕೂರಿಸಬೇಕು. ಅದಕ್ಕೆ ಮುಂಚೆ ಇಂಜಿನ್ನಿನ ಬಾಯಿಗೆ ಬಟ್ಟೆಯನ್ನು ತುರುಕಬೇಕೆಂದು ಅವನು ಎರಡು ಸಲ ಹೇಳಿದ್ದನು. ನಾವು ಮರೆತೆವು. ಚಿಮುಟದ ತುದಿಯಿಂದ ಸರ್ಕ್ಲಿಪ್ಪು ಹಾರಿ, ಟಿಣ್ಣೆಂದು ಸದ್ದುಮಾಡಿ, ಇಂಜಿನ್ನಿನ ಹೊಟ್ಟೆಯೊಳಗೆ ಬಿದ್ದುಹೋಯಿತು. ಅದು ಒಳಗಿದ್ದಂತೆ ಇಂಜಿನ್ನನ್ನು ಓಡಿಸಿದರೆ ಸರ್ವನಾಶ. ನಾವು ತಲೆಯೆತ್ತಿ ಅವನ ಮುಖವನ್ನು ನೋಡಲಾರದೆ ಕುಳಿತೆವು. ಅವನು ಏನನ್ನೂ ಅನ್ನಲಿಲ್ಲ. ಅಯಸ್ಕಾಂತವನ್ನು ಕಟ್ಟಿದ ಒಂದು ಕಡ್ಡಿಯನ್ನು ತೆಗೆದುಕೊಂಡು, ಟಾರ್ಚನ್ನು ನಮ್ಮ ಕೈಗೆ ಕೊಟ್ಟು, ಎರಡು ತಾಸಿನ ಕಾಲ ಹುಡುಕಿ, ಅದನ್ನು ಹೊರಗೆ ತೆಗೆದನು. ಆಮೇಲೆ ಬಟ್ಟೆಯ ತುಂಡನ್ನು ನಮ್ಮ ಕೈಗಿತ್ತು, “ಎಲ್ಲರಿಗೂ ಆಗುತ್ತೆ ಸಾರ್. ನನಗೂ ಆಗಿದೆ. ಈಗ ಹಾಕಿ” ಎಂದನು.

ವಾಚಕರೇ, ಇನ್ನು ಆ ಹಳೆಯ ಸಂಗತಿಯನ್ನು ಹೇಳದೆ ಮುಂದುವರಿಯುವುದು ನ್ಯಾಯವಲ್ಲ. 1999ರಲ್ಲಿ ಈತನು ಎಂಟನೆಯ ತರಗತಿಯಲ್ಲಿ ನಮ್ಮ ವಿದ್ಯಾರ್ಥಿ. ರಾಮಶಬ್ದವನ್ನು ಒಪ್ಪಿಸು ಎಂದರೆ ತೃತೀಯಾ ವಿಭಕ್ತಿಗೆ ಬಂದು ನಿಲ್ಲುತ್ತಿದ್ದನು. ಒಂದು ದಿನ ಅಧ್ಯಾಪಕರ ಕೊಠಡಿಯಲ್ಲಿ ಕೆಟ್ಟು ನಿಂತಿದ್ದ ಗೋಡೆಯ ಗಡಿಯಾರವನ್ನು ಇಳಿಸಿ, ಬಿಚ್ಚಿಕೊಂಡು ಕುಳಿತಿದ್ದನು. ನಾವು ಬೆತ್ತವನ್ನು ತೆಗೆದುಕೊಂಡೆವು. ಪೆಟ್ಟು ತಿಂದ ಹುಡುಗನು ಅಳುತ್ತಲೇ ಅದನ್ನು ಜೋಡಿಸಿ ಗೋಡೆಗೆ ಹಾಕಿ ಹೋದನು. ಮರುದಿನ ಗಡಿಯಾರವು ನಡೆಯುತ್ತಿದ್ದಿತು. ಅದನ್ನು ನಾವು ಕಂಡೆವು, ಯಾರೊಡನೆಯೂ ಹೇಳಲಿಲ್ಲ. ಅದೇ ವಾರ ಅವನ ತಂದೆಯು ಶಾಲೆಗೆ ಬಂದಾಗ, “ಇವನಿಗೆ ವಿದ್ಯೆ ಹತ್ತುವುದಿಲ್ಲ. ಎಲ್ಲಾದರೂ ಕೆಲಸಕ್ಕೆ ಸೇರಿಸಿ” ಎಂದೆವು. ಇಂಥ ಮಾತನ್ನು ವರ್ಷಕ್ಕೆ ಹತ್ತು ಜನ ತಂದೆಯರಿಗೆ ಹೇಳುತ್ತಿದ್ದೆವು. ಒಂಬತ್ತು ಜನ ಅದನ್ನು ಅಲ್ಲಿಯೇ ಬಿಟ್ಟು ಹೋಗುತ್ತಿದ್ದರು. ಈ ಬಡ ರೈತನು ಮೇಷ್ಟರ ಮಾತು ಸುಳ್ಳಾಗದೆಂದು ನಂಬಿದನು. ಮುಂದಿನ ಸೋಮವಾರ ಹುಡುಗನು ಸೈಕಲ್ ಅಂಗಡಿಯಲ್ಲಿದ್ದನು.

ಸರ್ಕ್ಲಿಪ್ಪು ಸಿಕ್ಕಿದ ದಿನ ಸಂಜೆ, ಕಾಫಿಯ ಲೋಟವನ್ನು ಹಿಡಿದು ಜಗುಲಿಯಲ್ಲಿ ಕುಳಿತಾಗ, ನಾವು ಈ ಮಾತನ್ನು ಎತ್ತಿ ಕ್ಷಮೆಯನ್ನು ಕೇಳಿದೆವು. ಮೂವತ್ತೈದು ವರ್ಷ ಮಾತಿನಿಂದಲೇ ಜೀವಿಸಿದವರಿಗೆ ಆ ಎರಡು ವಾಕ್ಯಗಳನ್ನು ಕೂಡಿಸುವುದು ಕಷ್ಟವಾಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪೆಟ್ಟು ಮರೆತಿದೀನಿ ಸಾರ್. ಐಟಿಐ ಸೇರೋಕೆ ಹೋದಾಗ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕೇಳಿ ವಾಪಸು ಕಳಿಸಿದ್ರಲ್ಲ, ಅದನ್ನ ಮರೆತಿಲ್ಲ” ಎಂದನು. ಖಾಸಗಿ ಅಭ್ಯರ್ಥಿಯಾಗಿ ಈಗಲೂ ಪರೀಕ್ಷೆಗೆ ಕಟ್ಟಬಹುದು, ನಾವೇ ಪಾಠ ಹೇಳುತ್ತೇವೆ ಎಂದೆವು. ಅವನು ನಕ್ಕು ತಲೆಯಾಡಿಸಿದನು. “ನನಗೆ ಆ ಕಾಗದ ಈಗ ಯಾತಕ್ಕೆ ಸಾರ್?” ಸವೆದದ್ದು ಮೊದಲಿನ ಅಳತೆಗೆ ಬಾರದೆಂಬುದನ್ನು ಅವನು ನಮಗೆ ಆಗಲೇ ಹೇಳಿಕೊಟ್ಟಿದ್ದನಷ್ಟೆ.

ತರುವಾಯ ಅವನೇ ಮಾತು ತೆಗೆದನು. “ನನ್ನ ಮಗಳು ಈಗ ಎಂಟನೇ ಕ್ಲಾಸು. ಅವಳಿಗೂ ಓದು ಹತ್ತಲ್ಲ ಅಂತ ಶಾಲೆಯಿಂದ ಹೇಳಿ ಕಳಿಸಿದಾರೆ. ಮೇಷ್ಟ್ರು ಹೇಳಿದ್ದು ನಿಜವೇ ಇರುತ್ತೆ ಅಂತ ನಮ್ಮಪ್ಪ ನಂಬಿದ್ರು. ನನಗೆ ಹಾಗೆ ನಂಬೋಕೆ ಆಗ್ತಿಲ್ಲ. ನೀವು ಒಂದು ಸಲ ನೋಡಿ ಹೇಳಿ ಸಾರ್.”

ಮುಂದಿನ ಭಾನುವಾರ ಹುಡುಗಿಯು ಅಪ್ಪನ ಸಂಗಡ ಬಂದಳು. ಈ ಸಲ ನಾವು ಅವಸರಪಡಲಿಲ್ಲ. ಪೆಟ್ರೋಲು, ಕಿಡಿ, ಕಂಪ್ರೆಷನ್ನು ಎಂದು ಕ್ರಮವಾಗಿ ನೋಡಿದೆವು. ಕಥೆಯನ್ನು ಓದಿ ಹೇಳಿದರೆ ಅವಳಿಗೆ ಎಲ್ಲವೂ ಅರ್ಥವಾಗುತ್ತಿದ್ದಿತು. ಮರುಪ್ರಶ್ನೆಯನ್ನು ಕೂಡ ಹಾಕುತ್ತಿದ್ದಳು. ತಾನೇ ಓದು ಎಂದರೆ ಮಾತ್ರ ಒತ್ತಕ್ಷರ ಬಂದಲ್ಲೆಲ್ಲ ಮುಗ್ಗರಿಸುತ್ತಿದ್ದಳು. ವಿಚಾರಿಸಲಾಗಿ, 2020ರಲ್ಲಿ ಕೊರೋನಾ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಅವಳು ಮೂರನೆಯ ತರಗತಿ. ಅಕ್ಷರಗಳು ಗಟ್ಟಿಯಾಗಬೇಕಾದ ವರ್ಷವೇ ಬಿಟ್ಟುಹೋಗಿದೆ. ಆಮೇಲೆ ಪಾಠವು ಮುಂದೆ ಓಡಿದೆ, ಹಿಂದಕ್ಕೆ ತಿರುಗಿ ನೋಡಿದವರಿಲ್ಲ. ಇಂಜಿನ್ನು ಕೆಟ್ಟಿರಲಿಲ್ಲ. ಕಾರ್ಬ್ಯುರೇಟರಿನಲ್ಲಿ ಸೂಜಿಯ ಮೊನೆಯಷ್ಟು ತೂತೊಂದರಲ್ಲಿ ಕಸ ಸಿಕ್ಕಿಕೊಂಡಿದ್ದಿತು, ಅಷ್ಟೆ.

ಗಾಡಿಯು ಸಿದ್ಧವಾದ ದಿನ ಟ್ಯಾಂಕಿಗೆ ಪೆಟ್ರೋಲನ್ನು ಹಾಕುವಾಗ, ಲೀಟರಿಗೆ 40 ಮಿಲಿಲೀಟರಿನಂತೆ ಎಣ್ಣೆಯನ್ನು ಬೆರೆಸಲು ಅವನು ಹುಡುಗಿಯ ಕೈಗೇ ಕೊಟ್ಟನು. ಇಂಥ ಎರಡು ಹೊಡೆತದ ಇಂಜಿನ್ನಿನಲ್ಲಿ ಪೆಟ್ರೋಲೇ ಕೆಳಗಿನ ಹೊಟ್ಟೆಯ ಮೂಲಕ ಹಾದು ಮೇಲೇರಬೇಕಾದ್ದರಿಂದ, ಅಲ್ಲಿಯ ಬೇರಿಂಗುಗಳಿಗೆ ಬೇಕಾದ ಎಣ್ಣೆಯೂ ಅದರ ಸಂಗಡವೇ ಹೋಗಬೇಕು. ಯೆಜ್ಡಿಯಲ್ಲಿ ಕಿಕ್ಕರೂ ಗೇರೂ ಒಂದೇ ಸನ್ನೆ; ನಿಲ್ಲಿಸಿದರೆ ಒಂದರ್ಥ, ಮಡಿಸಿದರೆ ಇನ್ನೊಂದರ್ಥ. ಆರನೆಯ ಒದೆತಕ್ಕೆ ನೀಲಿ ಹೊಗೆಯನ್ನು ಉಗುಳಿ, 1989ರಲ್ಲಿ ಬಸ್ಸಿಗಾಗಿ ಕಾಯುತ್ತ ಕೇಳಿದ ದನಿಯು ನಮ್ಮ ಹಿತ್ತಲಿನಲ್ಲಿ ಎದ್ದಿತು. ನೆರೆಹೊರೆಯವರೆಲ್ಲ ಬೇಲಿಯ ಬಳಿ ಬಂದು ನಿಂತರು.

ಹಳೆಯ ಗಾಡಿಯನ್ನು ಕೊಳ್ಳುವ ಯೋಚನೆಯುಳ್ಳವರಿಗೆ ಅನುಭವದ ಒಂದು ಮಾತು. ಹದಿನೈದು ವರ್ಷ ತುಂಬಿದ ಗಾಡಿಯ ನೋಂದಣಿಯನ್ನು ಪರೀಕ್ಷೆ ಮಾಡಿಸಿ ನವೀಕರಿಸಬೇಕು. ಆಮೇಲೆ ಐದೈದು ವರ್ಷಕ್ಕೊಮ್ಮೆ ಅದೇ ಕೆಲಸ. ಕಾಗದಗಳು ಸರಿಯಾಗಿರುವುದನ್ನು ನೋಡದೆ ಹಣ ಕೊಡಬಾರದು. ಹಿಂದೆ ಕೂರುವವರಿಗೂ ಹೆಲ್ಮೆಟ್ಟು ಬೇಕು. ಹೊಸ ಪಿಸ್ಟನ್ನು ಹಾಕಿಸಿದ ಗಾಡಿಯನ್ನು ಮೊದಲ ಕೆಲವು ನೂರು ಕಿಲೋಮೀಟರು ಮೆಲ್ಲಗೆ ನಡೆಸಬೇಕು. ಒಂದಕ್ಕೊಂದು ಹೊಂದಿಕೊಳ್ಳುವುದಕ್ಕೆ ಅಷ್ಟು ಕಾಲ ಬೇಕಾಗುವುದು.

ನಮ್ಮ ಮೊದಲ ಸವಾರಿಯು ಬನವಾಸಿಗೆ ಆಗಲಿಲ್ಲ. ಹುಡುಗಿಯ ಶಾಲೆಗೆ ಹೋಗಿ ಅಲ್ಲಿಯ ತರುಣ ಉಪಾಧ್ಯಾಯರನ್ನು ಕಂಡೆವು. ಅವರನ್ನು ಆಕ್ಷೇಪಿಸುವ ಅಧಿಕಾರವು ನಮಗಿಲ್ಲವೆಂಬುದು ನೆನಪಿದ್ದಿತು. ಆದ್ದರಿಂದ ಗಡಿಯಾರದ ಕಥೆಯನ್ನು ಹೇಳಿ, ಒಂದು ವರ್ಷದ ಮಟ್ಟಿಗೆ ಏನನ್ನೂ ತೀರ್ಮಾನಿಸಬೇಡಿರೆಂದು ಮಾತ್ರ ಕೇಳಿಕೊಂಡೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ತರಗತಿಯಲ್ಲಿ ಇಂಥ ಮಕ್ಕಳು ಇನ್ನೂ ಮೂವರಿದ್ದಾರೆಂದರು.

ಈಗ ಭಾನುವಾರ ನಮ್ಮ ಜಗುಲಿಯಲ್ಲಿ ನಾಲ್ವರು ಮಕ್ಕಳು ಕುಳಿತು ಒತ್ತಕ್ಷರಗಳನ್ನು ತಿದ್ದುತ್ತಾರೆ. ಕೆಳಗೆ ಅಂಗಳದಲ್ಲಿ ನಮ್ಮ ಶಿಷ್ಯನು ಗಾಡಿಯ ಒಂದಲ್ಲ ಒಂದು ತಿರುಪನ್ನು ಬಿಗಿಸುತ್ತಿರುತ್ತಾನೆ. ಅವನ ಮಗಳು ಹದಿನೈದು ದಿನಗಳ ಹಿಂದೆ ಒಂದು ಪುಟವನ್ನು ನಿಲ್ಲದೆ ಓದಿದಳು. ಅಂಗಳದಲ್ಲಿ ಪಾನದ ಸದ್ದು ಅಷ್ಟು ಹೊತ್ತು ನಿಂತಿದ್ದಿತು. ಮನೆಯಾಕೆಯು ಎಲ್ಲರಿಗೂ ಅವಲಕ್ಕಿಯನ್ನು ಕಲಸಿಕೊಡುತ್ತಾಳೆ. ಶಾಂತಿಯು ಯಾವಾಗವೆಂದು ಆಕೆಯು ಈಗ ಕೇಳುತ್ತಿಲ್ಲ. ಬನವಾಸಿಯು ಯಾವಾಗವೆಂದು ಕೇಳುತ್ತಿದ್ದಾಳೆ.